ಹಿಡಿ ಅಕ್ಕಿಯ ಚರ್ಚು

1894ನೆಯ ಇಸವಿಯನ್ನು ಕನ್ನಡಿಗರು ಮರೆಯಲಾರರು. ರೆವರೆಂಡ್ ಕಿಟ್ಟೆಲರ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದ ವರ್ಷವದು. ಸಾವಿರಕ್ಕೂ ಮಿಕ್ಕಿ ವರ್ಷಗಳ ಬರವಣಿಗೆ ಬೆನ್ನಿಗಿದ್ದ ನಮ್ಮ ನುಡಿಗೆ ಅಂದು ಒಂದು ಮಹಾಕೋಶ ದೊರೆಯಿತು. ಅದೇ ವರ್ಷದ ಜನವರಿಯಲ್ಲಿ, ಅಂದಿನ ಲುಷಾಯಿ ಗುಡ್ಡಗಳ, ಎಂದರೆ ಇಂದಿನ ಮಿಜೋರಾಮಿನ, ಐಜ್ವಾಲಿಗೆ ಲೊರೇನ್, ಸ್ಯಾವಿಜ್ ಎಂಬ ಇಬ್ಬರು ಆಂಗ್ಲ ಪಾದ್ರಿಗಳು ಬಂದು ಸೇರಿದರು. ಅಲ್ಲಿಯ ನುಡಿಗೆ ಕೋಶದ ಮಾತಿರಲಿ, ಅಕ್ಷರವೇ ಇರಲಿಲ್ಲ. ರೋಮನ್ ಲಿಪಿಯನ್ನು ಅದಕ್ಕೆ ಹೊಂದಿಸಿಕೊಟ್ಟವರು ಇವರೇ. 1897ರಲ್ಲಿ ಇವರು ಹೊರಟುಹೋಗಲು, ವೇಲ್ಸ್ ದೇಶದ ಪ್ರೆಸ್ಬಿಟೇರಿಯನ್ ಪಂಥದ ಡಿ. ಇ. ಜೋನ್ಸ್ ಆ ಕೆಲಸವನ್ನು ವಹಿಸಿಕೊಂಡರು.

ಹೀಗೆ ಹೊರಗಿನಿಂದ ಬಂದ ಚರ್ಚನ್ನು ಹಳ್ಳಿಗರು ತಮ್ಮದೆಂದು ಬಗೆದುದು ಹೇಗೆ? ಈ ಪಂಥದಲ್ಲಿ ಬಿಷಪ್ಪರಿಲ್ಲ. ಸಭೆಯವರೇ ಆರಿಸಿದ ಹಿರಿಯರು ಆಡಳಿತ ನಡೆಸತಕ್ಕದ್ದು. ಮಿಜೋ ಹಳ್ಳಿಗಳಲ್ಲಿ ಊರ ಮುಖ್ಯಸ್ಥನಿಗೆ ಸಲಹೆಗಾರರಾಗಿ 'ಉಪಾ' ಎಂಬ ಹಿರಿಯರು ಮೊದಲಿನಿಂದಲೂ ಇದ್ದರು. ಚರ್ಚಿನ ಹಿರಿಯರಿಗೂ ಅದೇ ಹೆಸರು ಬಂದಿತು. 1954ರ ಕಾಯಿದೆಯಿಂದ ಮುಖ್ಯಸ್ಥರ ಅಧಿಕಾರ ಅಳಿಯಿತು. ಚರ್ಚಿನ ಉಪಾ ಉಳಿದುಕೊಂಡರು.

ಆದರೆ ಹೆಚ್ಚಿನ ಕಾರಣ ಅಡಿಗೆಮನೆಯಲ್ಲಿತ್ತೆಂದು ನನ್ನ ಎಣಿಕೆ. ಸುಮಾರು 1910ರಲ್ಲಿ 'ಬುಹ್‌ಫಾಯ್ ಥಾಮ್' ಎಂಬ ಪದ್ಧತಿ ಮೊದಲಾಯಿತು. ಅರ್ಥ ಇಷ್ಟೇ: ಹಿಡಿ ಅಕ್ಕಿ. ಗೃಹಿಣಿಯು ಹೊತ್ತುಹೊತ್ತಿನ ಅಡಿಗೆಗೆ ಅಕ್ಕಿ ಅಳೆದುಕೊಂಡ ಮೇಲೆ, ಅದರಿಂದ ಒಂದು ಹಿಡಿಯನ್ನು ತೆಗೆದು ಬೇರೆ ಪಾತ್ರೆಯಲ್ಲಿ ಹಾಕುವಳು. ಆಮೇಲೆ ಚರ್ಚಿನ ಸ್ತ್ರೀಯರು ಮನೆಮನೆಗೆ ಹೋಗಿ ಅದನ್ನು ಕೂಡಿಸಿ ಮಾರುವರು. ಬಂದ ಹಣ ಧರ್ಮಕಾರ್ಯಕ್ಕೆ. ನಗದು ಕಾಣದ ಬಡವಿಗೂ ಇದರಿಂದ ಕೊಡುವವರ ಸಾಲಿನಲ್ಲಿ ಸ್ಥಾನ ಸಿಕ್ಕಿತು. ಪದ್ಧತಿ ಬೇರೂರುವ ಮುನ್ನವೇ, 1911-12ರಲ್ಲಿ, ಬಿದಿರು ಹೂಬಿಟ್ಟಿತು. ಬಿದಿರಕ್ಕಿ ತಿಂದು ಹೆಚ್ಚಿದ ಇಲಿಗಳು ಬೆಳೆಯನ್ನೂ ತಿಂದುಹಾಕಿ ಘೋರ ಕ್ಷಾಮವಾಯಿತು. ಉಣ್ಣಲು ಹಿಡಿ ಅಕ್ಕಿ ಹುಟ್ಟದ ಆ ದಿನಗಳನ್ನು ದಾಟಿಯೂ ಹಿಡಿ ಅಕ್ಕಿಯ ಪದ್ಧತಿ ಉಳಿದು ಬಂತು! ಇಂದು ಅದರಿಂದ ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ ಕೂಡುತ್ತದೆ.

ಇದರಲ್ಲಿ ನಷ್ಟವಿಲ್ಲವೆನ್ನಲಾಗದು. ಅಕ್ಕಿಯ ಮದ್ಯ ನಿಷಿದ್ಧವಾಯಿತು. ಊರ ತರುಣರೆಲ್ಲ ರಾತ್ರಿ ಮಲಗಿ, ಹಿರಿಯರಿಂದ ಶಿಸ್ತು ಕಲಿಯುತ್ತಿದ್ದ 'ಝೋಲ್‌ಬುಕ್' ಮನೆಗಳು ಶಾಲೆ-ಚರ್ಚುಗಳ ಮುಂದೆ ಬಡವಾಗಿ, 1938ರಲ್ಲಿ ಮುಚ್ಚಿಹೋದವು. ಹಳೆಯ ಡೋಲನ್ನು ಸಹ ಮೊದಮೊದಲು ಚರ್ಚಿನ ಒಳಗೆ ಬಿಡಲಿಲ್ಲ. ಹಳ್ಳಿಗರು ಸುಮ್ಮನಿದ್ದರೆ? 1919ರ ಧರ್ಮಜಾಗೃತಿಯ ಅಲೆಯ ಮೇಲೆ ಡೋಲು ಒಳಕ್ಕೆ ಬಂದೇ ಬಂದಿತು. ನಾಡಿನ ಮಟ್ಟಿನಲ್ಲಿ ಹೊಸ ಹಾಡುಗಳು ಹುಟ್ಟಿದವು. ಚರ್ಚು ಮಿಜೋ ಆದದ್ದು ಅಂದೇ ಎಂದರೆ ತಪ್ಪಾಗದು.

1966ರಲ್ಲಿ ಬಂಡಾಯವೆದ್ದಿತು. ಮರುವರ್ಷದಿಂದ ಸೈನ್ಯವು ಹಳ್ಳಿಗಳನ್ನು ಎಬ್ಬಿಸಿ, ಜನರನ್ನು ದಾರಿಬದಿಯ ಶಿಬಿರಗಳಲ್ಲಿ ಕೂಡಿಹಾಕಿತು. ಊರು ಬಿಟ್ಟು ಬದುಕುವ ಕಷ್ಟವನ್ನು ನಮ್ಮಂಥವರು ಬಲ್ಲೆವು. ಆದರೆ ನಾವು ಹೊಟ್ಟೆಪಾಡಿಗೆ ಬಂದವರು, ಅವರು ಬಂದೂಕಿನ ಮುಂದೆ ಹೊರಟವರು. 1968ರಲ್ಲಿ ವಿದೇಶಿ ಪಾದ್ರಿಗಳೂ ಹೊರಟುಹೋದರು. ಆದರೂ ಚರ್ಚು ನಿಂತಿತು, ಅಕ್ಕಿ ವೇಲ್ಸಿನಿಂದ ಬರುತ್ತಿರಲಿಲ್ಲವಷ್ಟೆ. 1986ರ ಶಾಂತಿ ಒಪ್ಪಂದಕ್ಕೆ ದಾರಿ ಮಾಡಿದವರಲ್ಲಿ ಚರ್ಚಿನ ಮುಖಂಡರೂ ಉಂಟು.

ದೆಹಲಿ, ಬೆಂಗಳೂರುಗಳಿಗೆ ವಲಸೆ ಬಂದ ಮಿಜೋ ಜನರು ಇಂದಿಗೂ ಭಾನುವಾರ ಕೂಡಿ ತಮ್ಮ ನುಡಿಯಲ್ಲಿಯೇ ಪ್ರಾರ್ಥಿಸುವರು. ನಮ್ಮ ಸಂಘಗಳವರು ಒಮ್ಮೆ ಹೋಗಿ ನೋಡತಕ್ಕ ದೃಶ್ಯ. ನೋಡುವಾಗ ಒಂದು ಸಂಗತಿ ನೆನಪಿರಲಿ: ಹಿಡಿಹಿಡಿಯಾಗಿ ಆ ಚರ್ಚನ್ನು ಕಟ್ಟಿದವರು ಸ್ತ್ರೀಯರು, ಪಾದ್ರಿಯ ಪದವಿ ಮಾತ್ರ ದಶಕಗಟ್ಟಲೆ ಗಂಡಸರ ಪಾಲಿಗೇ ಉಳಿಯಿತು. ಅದನ್ನು ಕುರಿತು ಅಲ್ಲಿಯ ಹೆಣ್ಣುಮಕ್ಕಳೇ ಕೇಳತೊಡಗಿದ್ದಾರೆ.