ಹಗುರ ಗಾಲಿ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಜಾತ್ರೆ ಬಂತೆಂದರೆ ಚಕ್ಕಡಿ ಶರ್ಯತ್ತು ಇರಲೇಬೇಕು. ನಮ್ಮಪ್ಪ ಬಡಿಗ. ಗಾಲಿಗೆ ಹಳಿ ಏರಿಸುವ ದಿನ ಶಾಲೆ ತಪ್ಪಿಸಿ ನಾನು ನೀರಿನ ಕೊಡ ಹಿಡಿದು ನಿಲ್ಲುತ್ತಿದ್ದೆ. (ಈಗ ಮಕ್ಕಳ ಹಾಜರಿ ಹಾಕುವವಳು ನಾನೇ!) ಕಬ್ಬಿಣದ ಹಳಿಯನ್ನು ಗಾಲಿಗಿಂತ ತುಸು ಚಿಕ್ಕದಾಗಿಯೇ ಮಾಡುವುದು. ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾದು ಹಿಗ್ಗಿದಾಗ ತೊಡಿಸಿ, ಕೂಡಲೇ ನೀರು ಸುರಿಯುವುದು. ಅದು ಕುಗ್ಗುತ್ತ ಅರಗಳನ್ನೆಲ್ಲ ನಡುವಿನ ಗುಂಬಕ್ಕೆ ಬಿಗಿದು ಕೂಡಿಸುತ್ತಿತ್ತು.

ಹೊಲದ ಚಕ್ಕಡಿ ಭಾರ ಹೊರಲು, ಶರ್ಯತ್ತಿನದು ಓಡಲು. ಅದಕ್ಕೆ ಎಲ್ಲೆಲ್ಲೂ ಕೆತ್ತಿ ಹಗುರ ಮಾಡಬೇಕು. ಅದರಲ್ಲೂ ಗಾಲಿಯ ಅಂಚಿನಲ್ಲಿ ಕಳೆದ ತೂಕಕ್ಕೆ ಲಾಭ ಹೆಚ್ಚು. ಆ ತೂಕ ಮುಂದಕ್ಕೂ ಸಾಗಬೇಕು, ಸುತ್ತಲೂ ತಿರುಗಬೇಕು. ಅಪ್ಪನಿಗೆ ಇದು ಕೈಗೆ ಗೊತ್ತಿತ್ತು.

ಇತಿಹಾಸ ಕಲಿಸುವ ನನಗೆ ರೇಸಿನ ಕಾರಿನ ಗೊಡವೆ ಹತ್ತಿದ್ದು ಇಂಜಿನಿಯರಿಂಗ್ ಓದುತ್ತಿದ್ದ ಮಗನ ಪುಸ್ತಕದಿಂದ. 1950ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಶಿಪ್ ಶುರುವಾದಾಗ ಇಂಜಿನ್ ಚಾಲಕನ ಮುಂದಿರುತ್ತಿತ್ತು, ನಮ್ಮ ಎತ್ತಿನ ಹಾಗೆ. ಇಂಗ್ಲೆಂಡಿನ ಕೂಪರ್ ಕಂಪನಿ ಅದನ್ನು ಚಾಲಕನ ಬೆನ್ನ ಹಿಂದಿಟ್ಟಿತು. ಇಂಜಿನ್ನಿನಿಂದ ಹಿಂದಿನ ಗಾಲಿಗೆ ಹಾಯುವ ಉದ್ದನೆಯ ದಂಡ ಬೇಡವಾಯಿತು, ಕಾರು ಹಗುರಾಯಿತು. 1959, 1960 ಎರಡೂ ವರ್ಷ ಜಾಕ್ ಬ್ರಾಭಮ್ ಅದರಲ್ಲೇ ಗೆದ್ದ. ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್‌ಗಂತೂ ಹಗುರ ಮಾಡುವುದೇ ಧ್ಯಾನ. 1970ರ ಸೆಪ್ಟೆಂಬರ್ 5ರಂದು ಇಟಲಿಯ ಮೊಂಜಾದಲ್ಲಿ ಲೋಟಸ್ ಕಾರಿನ ಬ್ರೇಕಿನ ದಂಡ ಮುರಿದು, ಕಾರು ತಡೆಬೇಲಿಗೆ ಬಡಿದು ಯೋಖೆನ್ ರಿಂಟ್ ಸತ್ತ. ಆ ವರ್ಷದ ಚಾಂಪಿಯನ್ ಅವನೇ ಆದ, ಸತ್ತ ಮೇಲೆ.

ಅದನ್ನೋದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಒಂದು ವರ್ಷ ಒಬ್ಬ ಗೌಡರು ಬಂದು, "ಅರ ಇನ್ನಟ ಸಣ್ಣ ಮಾಡ್ರಿ, ಬಡಿಗೇರ" ಅಂದರು. "ತಡ್ಯಾಂಗಿಲ್ರೀ" ಅಂದ ಅಪ್ಪ. ಮೂರು ಸಲ ಅಂದ. ನನ್ನ ಬಿ.ಎಡ್. ಫೀ ಕಟ್ಟುವ ವಾರ ಅದು. ನಾಲ್ಕನೇ ಸಲ ಕೇಳಿದಾಗ ಸುಮ್ಮನೆ ಬಾಚಿ ಎತ್ತಿಕೊಂಡ. ಶರ್ಯತ್ತಿನ ದಿನ ತಿರುವಿನಲ್ಲಿ ಅರ ಮುರಿದವು. ಚಕ್ಕಡಿ ಹೊರಳಿ ಒಂದೆತ್ತಿನ ಕಾಲು ಹೋಯಿತು. ಗೌಡರು ಅಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. ಅಪ್ಪ ಮತ್ತೆ ಶರ್ಯತ್ತಿನ ಗಾಲಿ ಮಾಡಲಿಲ್ಲ.

2014ರ ಮೇ 7ರಂದು ಸುಪ್ರೀಂ ಕೋರ್ಟು ಎತ್ತಿನಗಾಡಿ ಓಟವನ್ನು ನಿಲ್ಲಿಸಿತು. ನಮ್ಮ ರಾಜ್ಯ ಕಾನೂನು ತಿದ್ದಿತು. 2023ರ ಮೇ 18ರಂದು ಅದೇ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಜಾತ್ರೆಗೆ ಹೋದಾಗ ನಾನೂ ನೋಡುತ್ತೇನೆ. ಜನ ಎತ್ತುಗಳನ್ನು ನೋಡಿ ಕೂಗುತ್ತಾರೆ. ನನ್ನ ಕಣ್ಣು ತಿರುವಿನ ಹತ್ತಿರ ಗಾಲಿಯ ಮೇಲೆ ಇರುತ್ತದೆ.