ಜೋಳವಾಳಿಯ ಋಣ: ಮಾನ್ಯಖೇಟದ ಸಾಮಂತರು

ಸನ್ನತಿಯ ಮಗ್ಗುಲಲ್ಲಿ ಹರಿಯುವ ಭೀಮೆಯನ್ನು ಕೂಡುವ ನದಿಗಳಲ್ಲಿ ಕಾಗಿಣಾ ಒಂದು. ಆ ಕಾಗಿಣಾ ತೀರದಲ್ಲಿ, ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ರಾಷ್ಟ್ರಕೂಟ ಚಕ್ರವರ್ತಿಗಳ ರಾಜಧಾನಿಯಾದ ಮಾನ್ಯಖೇಟವು ಮೆರೆಯಿತು. ಅಮೋಘವರ್ಷ ನೃಪತುಂಗನನ್ನೂ ಜಿನಸೇನಾಚಾರ್ಯರನ್ನೂ ಅರಿಯದ ಶ್ರಾವಕರಿಲ್ಲ. ಆದರೆ ಆ ಸಿಂಹಾಸನವನ್ನು ಹೆಗಲಿನಲ್ಲಿ ಹೊತ್ತ ಸಾಮಂತರನ್ನು ನಾವು ನೆನೆಯುವುದು ಕಡಿಮೆ.

ಸಾಮಂತನು ಕಪ್ಪ ಕೊಡಬೇಕು, ಕರೆದಾಗ ಸೈನ್ಯಸಮೇತ ಬರಬೇಕು, ತನ್ನ ಶಾಸನಗಳಲ್ಲಿ ಚಕ್ರವರ್ತಿಯ ಹೆಸರನ್ನು ಮೊದಲು ಹೇಳಬೇಕು. ಪ್ರತಿಯಾಗಿ ಅವನಿಗೆ ನಾಡಿನ ಆಳ್ವಿಕೆ, ಪಂಚಮಹಾಶಬ್ದದ ಗೌರವ, ಕೆಲವೊಮ್ಮೆ ರಾಜಕುಟುಂಬದ ಹೆಣ್ಣು. ಈ ನಿಷ್ಠೆಗೆ ಹಳಗನ್ನಡದಲ್ಲಿ ‘ಜೋಳವಾಳಿ’ ಎಂಬ ಮಾತುಂಟು. ಒಡೆಯನ ಜೋಳವನ್ನು ಉಂಡವನು ಅದರ ಋಣವನ್ನು ರಣದಲ್ಲಿ ತೀರಿಸಬೇಕು. ಜೋಳವನ್ನೇ ಬೆಳೆದು ಜೋಳವನ್ನೇ ಉಣ್ಣುವ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ರಿ.ಶ. 860ರ ದಾನವನ್ನು ಹೇಳುವ ಕೊಣ್ಣೂರು ಶಾಸನದಲ್ಲಿ ಬಂಕೆಯನ ವೃತ್ತಾಂತವಿದೆ. ಗಂಗವಾಡಿಯ ದಂಡಯಾತ್ರೆಯಲ್ಲಿದ್ದಾಗ ರಾಜಧಾನಿಯಲ್ಲಿ ಒಳಸಂಚು ಹುಟ್ಟಿತು. ಅಮೋಘವರ್ಷನ ಕರೆ ಬಂದೊಡನೆ ಅವನು ಹಿಂದಿರುಗಿ ಅದನ್ನು ಅಡಗಿಸಿದನು. ಮೂರು ತಿಂಗಳೊಳಗೆ ಒಡೆಯನ ಶತ್ರುಗಳನ್ನು ಗೆಲ್ಲದಿದ್ದರೆ ಅಗ್ನಿಪ್ರವೇಶ ಮಾಡುವೆನೆಂದು ಪ್ರತಿಜ್ಞೆಗೈದವನು ಇವನೇ. ಕೊಳನೂರಿನಲ್ಲಿ ತಾನು ಕಟ್ಟಿಸಿದ ಜಿನಾಲಯಕ್ಕೆ ಚಕ್ರವರ್ತಿಯಿಂದ ಭೂಮಿಯನ್ನು ಕೊಡಿಸಿದನೆಂಬುದು ನಮಗೆ ಇನ್ನೂ ಹೆಚ್ಚಿನ ಸಂತೋಷದ ಸಂಗತಿ. ಬಂಕಾಪುರವು ಅವನ ಹೆಸರನ್ನು ಇಂದಿಗೂ ಹೊತ್ತಿದೆ.

ಆದರೆ ಒಡೆಯನೇ ಅಧರ್ಮಕ್ಕಿಳಿದರೆ ಋಣದ ಗತಿಯೇನು? ವೇಮುಲವಾಡದ ಚಾಲುಕ್ಯ ಅರಿಕೇಸರಿಯು ತನ್ನಲ್ಲಿ ಶರಣು ಹೊಕ್ಕ ವಿಜಯಾದಿತ್ಯನನ್ನು ನಾಲ್ವಡಿ ಗೋವಿಂದನಿಗೆ ಒಪ್ಪಿಸಲಿಲ್ಲ. ಗೋವಿಂದನನ್ನೇ ಸಿಂಹಾಸನದಿಂದಿಳಿಸಿ, ಸುಮಾರು 935ರಲ್ಲಿ, ಬದ್ದೆಗನಿಗೆ ರಾಜ್ಯವನ್ನು ಒಪ್ಪಿಸಿದನು. ಈತನ ಆಶ್ರಿತನಾದ ಪಂಪನು ತನ್ನ ಭಾರತದಲ್ಲಿ ಕರ್ಣನ ಸ್ವಾಮಿನಿಷ್ಠೆಯನ್ನು ಎದೆ ಕರಗುವಂತೆ ಚಿತ್ರಿಸಿದನೆಂಬುದನ್ನು ಇಲ್ಲಿ ನೆನೆಯದೆ ಇರಲಾಗದು. ಬಿಡದ ಕರ್ಣನೂ ಬಿಟ್ಟ ಅರಿಕೇಸರಿಯೂ ಒಂದೇ ಕಾವ್ಯದಲ್ಲಿ ಸ್ತುತ್ಯರು.

ನಿಷ್ಠೆಯ ನಿಜವಾದ ಪರೀಕ್ಷೆ ಬಂದುದು ಗಂಗ ಮಾರಸಿಂಹನಿಗೆ. ಅವನ ತಂದೆ ಬೂತುಗನು 949ರ ತಕ್ಕೋಲಂ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದು, ಮುಮ್ಮಡಿ ಕೃಷ್ಣನಿಂದ ಬನವಾಸಿ ಪನ್ನಿರ್ಛಾಸಿರವೇ ಮೊದಲಾದ ನಾಡುಗಳನ್ನು ಪಡೆದವನು. ಕೃಷ್ಣನ ವೈಭವದಲ್ಲಿ ನಿಷ್ಠನಾಗಿರುವುದು ಲಾಭವೂ ಆಗಿತ್ತು. 967ರಲ್ಲಿ ಕೃಷ್ಣನು ತೀರಿಕೊಂಡನು. 972ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು. ಮರುವರ್ಷವೇ ತರ್ದವಾಡಿ ನಾಡನ್ನು ಆಳುತ್ತಿದ್ದ ಸಾಮಂತ ತೈಲಪನು ಕರ್ಕನನ್ನು ಸೋಲಿಸಿ ಚಾಲುಕ್ಯ ರಾಜ್ಯವನ್ನು ಮತ್ತೆ ಸ್ಥಾಪಿಸಿದನು. ಈಗ ರಾಷ್ಟ್ರಕೂಟರಲ್ಲಿ ಕೊಡಲು ನಾಡಿಲ್ಲ, ಕಾಯಲು ರಾಜಧಾನಿಯಿಲ್ಲ. ಹೊಸ ಚಕ್ರವರ್ತಿಗೆ ತಲೆಬಾಗಿ ಸುಖವಾಗಿರಬಹುದಿತ್ತು. ಮಾರಸಿಂಹನು ಹಾಗೆ ಮಾಡದೆ, ಕೃಷ್ಣನ ಮೊಮ್ಮಗನೂ ತನ್ನ ಸೋದರಿಯ ಮಗನೂ ಆದ ಇಂದ್ರನಿಗೆ ಪಟ್ಟಗಟ್ಟಿದನು. ರಕ್ತಸಂಬಂಧವೂ ಇದಕ್ಕೆ ಕಾರಣವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಸೋತ ಪಕ್ಷದಲ್ಲಿ ನಿಲ್ಲಲು ರಕ್ತಸಂಬಂಧವೊಂದೇ ಸಾಲದು.

ಆ ಯತ್ನ ಫಲಿಸಲಿಲ್ಲ. ಮಾರಸಿಂಹನು ರಾಜ್ಯವನ್ನು ತ್ಯಜಿಸಿ, ಸುಮಾರು 974ರಲ್ಲಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನವನ್ನು ಆಚರಿಸಿ ಸಮಾಧಿ ಹೊಂದಿದನು. ನಿಷ್ಠನಾದ ಬಂಕೆಯನ ಹೆಸರಿನ ಊರಿನಲ್ಲಿಯೇ ಇದು ನಡೆಯಿತು! ಶ್ರವಣಬೆಳಗೊಳದ ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದ ಶಾಸನವು ಇದನ್ನೆಲ್ಲ ಹೇಳುತ್ತದೆ.

ತೈಲಪನನ್ನು ದ್ರೋಹಿಯೆಂದು ಹಳಿಯುವವರು ನಮ್ಮಲ್ಲಿದ್ದಾರೆ. ಲೇಖಕನಿಗೆ ಅದು ಒಪ್ಪಿಗೆಯಲ್ಲ. ಅವನ ದಂಡನಾಯಕ ನಾಗದೇವನ ಪತ್ನಿಯೇ ದಾನಚಿಂತಾಮಣಿ ಅತ್ತಿಮಬ್ಬೆ. ಅವಳ ಆಶ್ರಯದಲ್ಲಿ 993ರಲ್ಲಿ ರನ್ನನ ‘ಅಜಿತಪುರಾಣ’ ರಚಿತವಾಯಿತು. ಸಿಂಹಾಸನ ಬದಲಾದರೂ ಬಸದಿಗಳ ದೀಪ ಆರಲಿಲ್ಲ.

ಇನ್ನು ಇಂದ್ರ. ಸೋದರಮಾವನು ಕಟ್ಟಿದ ಪಟ್ಟಕ್ಕೆ ಆಳುವ ನಾಡು ದೊರೆಯಲಿಲ್ಲ. 982ರಲ್ಲಿ ಅವನೂ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟನು. ಅಲ್ಲಿಯ ಶಾಸನವು ಅವನು ಗೆದ್ದ ಯುದ್ಧಗಳಿಗಿಂತ ಚೆಂಡಾಟದಲ್ಲಿ ಅವನಿಗಿದ್ದ ಚಾತುರ್ಯವನ್ನೇ ಬಹಳವಾಗಿ ಕೊಂಡಾಡುತ್ತದೆ.