ಹಂಪೆಯ ಕಲ್ಲಿನ ರಥವೂ ಕಾಗದದ ಸಾಕ್ಷ್ಯವೂ

ಕಲ್ಲು ಚಿರಸ್ಥಾಯಿಯೆಂದೂ ಕಾಗದವು ಅಲ್ಪಾಯುವೆಂದೂ ಲೋಕದ ಎಣಿಕೆ. ಈ ಎಣಿಕೆಯು ತಲೆಕೆಳಗಾದ ದೃಷ್ಟಾಂತವೊಂದು ವಿಜಯನಗರದ ಹಾಳೂರಿನಲ್ಲಿ ದೊರೆಯುತ್ತದೆ.

ಕ್ರಿ. ಶ. 1856ರಲ್ಲಿ ಮದರಾಸು ಸೈನ್ಯದ ಅಧಿಕಾರಿಯಾದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತನು ಹಂಪೆಯ ಗುಡಿಮಂಟಪಗಳ ಛಾಯಾಚಿತ್ರಗಳನ್ನು ತೆಗೆದನು. ಆಗ ಫಿಲ್ಮು ಹುಟ್ಟಿರಲಿಲ್ಲ. ಬೆಳ್ಳಿಯ ಲವಣಗಳನ್ನು ಲೇಪಿಸಿದ ಕಾಗದವನ್ನೇ ಪೆಟ್ಟಿಗೆಯೊಳಗಿಟ್ಟು, ನಿಮಿಷಗಟ್ಟಲೆ ಬೆಳಕಿಗೆ ಒಡ್ಡಿ, ಬಳಿಕ ಕತ್ತಲೆಯಲ್ಲಿ ದ್ರಾವಣಗಳಿಂದ ತೊಳೆದು, ಬೆಳಕುನೆರಳುಗಳು ಅದಲುಬದಲಾದ ಪ್ರತಿಬಿಂಬವನ್ನು ಪಡೆಯಬೇಕಾಗಿತ್ತು. ಆ ಕಾಗದಗಳು ಬಹುಕಾಲ ಖಾಸಗಿ ಸಂಗ್ರಹದಲ್ಲಿ ಅಡಗಿದ್ದು, 1980ರ ಸುಮಾರಿಗೆ ವಿದ್ವಾಂಸರ ಕಣ್ಣಿಗೆ ಬಿದ್ದುವು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಎಂಬವರು ಗ್ರೀನ್‌ಲಾ ನಿಂತಿದ್ದ ಎಡೆಗಳನ್ನೇ ಹುಡುಕಿ, ಅವೇ ನೋಟಗಳನ್ನು ಮತ್ತೆ ಸೆರೆಹಿಡಿದರು.

ಎರಡನ್ನೂ ಹೋಲಿಸಿದಾಗ ನಷ್ಟವೆಷ್ಟೆಂಬುದು ಗೋಚರಿಸಿತು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ 1856ರಲ್ಲಿ ಇಟ್ಟಿಗೆ ಗಾರೆಗಳ ಶಿಖರವಿತ್ತು; ಅದು ಮುಂದೆ ಇಲ್ಲವಾಯಿತು. 2017ರಲ್ಲಿ ಹೊರಬಂದ 50 ರೂಪಾಯಿಯ ನೋಟಿನಲ್ಲಿಯೂ ಶಿಖರವಿಲ್ಲದ ರಥವೇ ಅಚ್ಚಾಗಿದೆ. ಇಂದಿನ ಯಾತ್ರಿಕರು ಅದನ್ನೇ ಪೂರ್ಣರೂಪವೆಂದು ಭಾವಿಸುವುದು ಸಹಜ. ಅದು ಹಾಗಲ್ಲವೆಂದು ಆ ಹಳೆಯ ಕಾಗದವು ಸಾಕ್ಷಿ ನುಡಿಯುತ್ತದೆ.

ಆದುದರಿಂದ ಪುರಾತನವಾದ ಗುಡಿ, ಗದ್ದುಗೆ, ಮಠಗಳ ಜೀರ್ಣೋದ್ಧಾರಕ್ಕೆ ಕೈಯಿಕ್ಕುವ ಮೊದಲು ಅವುಗಳ ಛಾಯಾಚಿತ್ರವನ್ನು ತೆಗೆಯಿಸಿ ಕಾಪಾಡುವುದು ಭಕ್ತರ ಕರ್ತವ್ಯವಾಗಿದೆ. ಕೆಡವಿದ ಮೇಲೆ ಸಾಕ್ಷಿಯನ್ನು ಹುಡುಕಿದರೆ ದೊರೆಯದು.